ಹಲವು ಯಂತ್ರಗಳಿಗೆ ಒಂದೇ ಲೈಬ್ರರಿ

ಕಬ್ಬಿಣದ ಸಲಾಕೆಯನ್ನು ಕಾಯಿಸಿದರೆ ಅದು ಹಿಗ್ಗುತ್ತದೆ. ಆ ಪ್ರಯೋಗವನ್ನು ಧಾರವಾಡದಲ್ಲಿ ಮಾಡಿದರೂ ಸರಿ, ಟೋಕಿಯೋ ನಗರದಲ್ಲಿ ಮಾಡಿದರೂ ಸರಿ, ಫಲ ಒಂದೇ. ನಿಸರ್ಗದ ನಿಯಮಗಳಿಗೆ ದೇಶಭೇದವಿಲ್ಲ. ಆದರೆ ಮನುಷ್ಯನು ತನ್ನ ಯಂತ್ರಗಳಿಗಾಗಿ ಬರೆದ ಆಜ್ಞೆಗಳಿಗೆ ಈ ಭಾಗ್ಯವಿಲ್ಲ. ಒಂದು ಗಣಕಯಂತ್ರಕ್ಕಾಗಿ ಸಿದ್ಧಪಡಿಸಿದ ಆಜ್ಞಾವಳಿಯನ್ನು ಬೇರೊಂದು ಜಾತಿಯ ಯಂತ್ರಕ್ಕೆ ಕೊಟ್ಟರೆ, ಅದು ಏನನ್ನೂ ಅರಿಯದೆ ಸುಮ್ಮನಾಗುವುದುಂಟು. ತಪ್ಪಾಗಿ ಅರಿತು ತಪ್ಪು ಉತ್ತರವನ್ನು ಕೊಡುವುದೂ ಉಂಟು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕರವೆಂದು ಬೇರೆ ಹೇಳಬೇಕಾಗಿಲ್ಲ.

ಇಂದು ನಮ್ಮ ಕಿಸೆಯಲ್ಲಿರುವ ಮೊಬೈಲ್ ಫೋನು ಒಂದು ಗಣಕಯಂತ್ರವೇ ಸರಿ. ಬಂಧುಮಿತ್ರರ ಹೆಸರುಗಳು, ಅವರು ಕಳುಹಿಸಿದ ಸಂದೇಶಗಳು, ಛಾಯಾಚಿತ್ರಗಳ ಪಟ್ಟಿ, ಹಣದ ಲೆಕ್ಕ, ಹೀಗೆ ಜೀವನದ ಎಷ್ಟೋ ದಾಖಲೆಗಳು ಅದರಲ್ಲಿ ಸೇರಿಕೊಂಡಿವೆ. ಒಬ್ಬರ ಕೈಯಲ್ಲಿ ಆಂಡ್ರಾಯ್ಡ್ ಫೋನು, ಇನ್ನೊಬ್ಬರ ಕೈಯಲ್ಲಿ ಐಫೋನು. ಮೇಜಿನ ಮೇಲೆ ವಿಂಡೋಸ್ ಅಥವಾ ಲಿನಕ್ಸ್ ವ್ಯವಸ್ಥೆಯ ಯಂತ್ರ. ಇವೆಲ್ಲವುಗಳಲ್ಲಿಯೂ ಒಂದೇ ಬಗೆಯಾಗಿ ನಡೆದುಕೊಳ್ಳುವ ತಂತ್ರಾಂಶವನ್ನು ಕಟ್ಟುವುದು ಹೇಗೆ? ಒಂದರಲ್ಲಿ ಬರೆದಿಟ್ಟ ದಾಖಲೆಯನ್ನು ಮತ್ತೊಂದು ಅಕ್ಷರಲೋಪವಿಲ್ಲದೆ ಓದುವಂತೆ ಮಾಡುವುದು ಹೇಗೆ? ಈ ಪ್ರಶ್ನೆಗಳನ್ನು ಬಳಕೆಯಲ್ಲಿರುವ ಒಂದು ಉದಾಹರಣೆಯ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

ಲೈಬ್ರರಿ ಎಂದರೇನು?

ಗಣಕಶಾಸ್ತ್ರದಲ್ಲಿ ಲೈಬ್ರರಿ ಎಂಬ ಮಾತಿಗೆ ಪುಸ್ತಕಭಂಡಾರವೆಂಬ ಅರ್ಥವಿಲ್ಲ. ಅನೇಕ ಪ್ರೋಗ್ರಾಂಗಳಿಗೆ ಬೇಕಾಗುವ ಒಂದು ಕೆಲಸವನ್ನು ಒಮ್ಮೆ ಚೆನ್ನಾಗಿ ಬರೆದು, ಬೇಕಾದವರು ಕರೆದು ಉಪಯೋಗಿಸಿಕೊಳ್ಳುವಂತೆ ಇಟ್ಟ ಆಜ್ಞೆಗಳ ಕಟ್ಟಿಗೆ ಈ ಹೆಸರು. ಪ್ರಯೋಗಶಾಲೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಲಘುಗಣಕ ಕೋಷ್ಟಕವನ್ನು ತಾನೇ ಲೆಕ್ಕ ಹಾಕಿ ತಯಾರಿಸುವುದಿಲ್ಲವಷ್ಟೆ? ಒಮ್ಮೆ ಯಾರೋ ಶ್ರಮಪಟ್ಟು ಸಿದ್ಧಪಡಿಸಿದುದನ್ನು ಎಲ್ಲರೂ ಬಳಸುತ್ತಾರೆ. ಲೈಬ್ರರಿಯ ತತ್ತ್ವವೂ ಅದೇ. ಆದರೆ ಇದರಲ್ಲಿ ಒಂದು ಹೊಣೆ ಅಡಗಿದೆ. ಕೋಷ್ಟಕದಲ್ಲಿ ಒಂದು ಅಂಕ ತಪ್ಪಾದರೆ ಅದನ್ನು ನಂಬಿದವರೆಲ್ಲರ ಲೆಕ್ಕವೂ ತಪ್ಪುತ್ತದೆ. ಹಾಗೆಯೇ ಕೋಟ್ಯಂತರ ಫೋನುಗಳಲ್ಲಿ ನೆಲಸಿದ ಲೈಬ್ರರಿಯ ಒಂದು ದೋಷ ಕೋಟ್ಯಂತರ ಜನರ ದಾಖಲೆಗಳನ್ನು ಕೆಡಿಸಬಲ್ಲುದು.

ಯಂತ್ರಗಳ ಭೇದಗಳು

ಯಂತ್ರಗಳು ಯಾವ ಯಾವ ವಿಷಯಗಳಲ್ಲಿ ಒಂದರಿಂದೊಂದು ಭಿನ್ನವಾಗಿವೆ ಎಂಬುದನ್ನು ಮೊದಲು ತಿಳಿಯಬೇಕು.

ಮೊದಲನೆಯದು ಆಜ್ಞಾಭಾಷೆಯ ಭೇದ. ಬಹುತೇಕ ಮೊಬೈಲ್ ಫೋನುಗಳ ಹೃದಯದಲ್ಲಿ ಆರ್ಮ್ ಎಂಬ ವರ್ಗದ ಸಂಸ್ಕಾರಕವಿರುತ್ತದೆ. ಮೇಜಿನ ಮೇಲಿನ ಅನೇಕ ಯಂತ್ರಗಳಲ್ಲಿ ಇಂಟೆಲ್ ವರ್ಗದ್ದು. ಕೂಡು ಎಂಬ ಆಜ್ಞೆಗೆ ಒಂದರಲ್ಲಿರುವ ಸಂಕೇತ ಇನ್ನೊಂದರಲ್ಲಿಲ್ಲ. ಎರಡನೆಯದು ಕಾರ್ಯಾಚರಣ ವ್ಯವಸ್ಥೆಯ ಭೇದ. ಕಡತವನ್ನು ತೆರೆ, ಬರೆ, ಮುಚ್ಚು ಎಂಬ ಕೆಲಸಗಳನ್ನು ಆಂಡ್ರಾಯ್ಡ್, ಐಫೋನು, ವಿಂಡೋಸುಗಳಲ್ಲಿ ಕೇಳಿಕೊಳ್ಳುವ ಕ್ರಮಗಳು ಒಂದೇ ಅಲ್ಲ. ಮೂರನೆಯದು ಸಂಖ್ಯೆಗಳ ಗಾತ್ರದ ಭೇದ. ಸಿ ಎಂಬ ಪ್ರಸಿದ್ಧ ಗಣಕಭಾಷೆಯಲ್ಲಿ ‘ಲಾಂಗ್’ ಎಂದು ಕರೆಯುವ ಸಂಖ್ಯೆಯು 64 ಬಿಟ್ಟಿನ ಲಿನಕ್ಸ್ ಯಂತ್ರದಲ್ಲಿ 8 ಬೈಟುಗಳನ್ನು ಹಿಡಿಯುತ್ತದೆ; 64 ಬಿಟ್ಟಿನ ವಿಂಡೋಸ್ ಯಂತ್ರದಲ್ಲಿ 4 ಬೈಟುಗಳನ್ನು ಮಾತ್ರ. ಸೇರು ಎಂಬ ಒಂದೇ ಹೆಸರಿನ ಅಳತೆ ಊರಿನಿಂದ ಊರಿಗೆ ಬೇರೆಯಾಗಿದ್ದ ಕಾಲವನ್ನು ಇದು ನೆನಪಿಗೆ ತರುತ್ತದೆ.

ಗಾತ್ರದ ವಿಷಯ ಅಲ್ಪವೆಂದು ಭಾವಿಸಬಾರದು. 1970ನೆಯ ಇಸವಿಯ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ಗುರುತಿಸುವುದು ಅನೇಕ ಯಂತ್ರಗಳ ಪದ್ಧತಿ. ಚಿಹ್ನೆಸಹಿತವಾದ 32 ಬಿಟ್ಟುಗಳ ಸಂಖ್ಯೆ ಹಿಡಿಯಬಲ್ಲ ಅತಿ ದೊಡ್ಡ ಎಣಿಕೆ 2,14,74,83,647. ಅಷ್ಟು ಸೆಕೆಂಡುಗಳು 2038ನೆಯ ಇಸವಿಯ ಜನವರಿ 19ರಂದು ತುಂಬುತ್ತವೆ. ಮರುಕ್ಷಣದಲ್ಲಿ ಅಂಥ ಗಡಿಯಾರ ಋಣಸಂಖ್ಯೆಗೆ ಉರುಳಿ, ಕಾಲವು 1901ಕ್ಕೆ ಹಿಂತಿರುಗಿದಂತೆ ತೋರುತ್ತದೆ. ಸಣ್ಣ ಪಾತ್ರೆಯನ್ನು ಆರಿಸಿಕೊಂಡವರಿಗೆ ಅದರ ಫಲ ದಶಕಗಳ ಅನಂತರ ಕಾಣಬಹುದು.

ಒಂದು ಹಡಗಿನಿಂದ ಆರಂಭವಾದ ಕಥೆ

ಈಗ ನಮ್ಮ ಉದಾಹರಣೆಗೆ ಬರೋಣ. ಇದರ ಹೆಸರು ಎಸ್‌ಕ್ಯೂಎಲೈಟ್. ಗ್ರಾನೈಟ್, ಬಾಕ್ಸೈಟ್ ಮುಂತಾದ ಹೆಸರುಗಳ ಜಾಡಿನಲ್ಲಿ ಇದನ್ನು ಉಚ್ಚರಿಸುವುದು ಇದರ ಕರ್ತೃವಿನ ರೂಢಿ. ಡೇಟಾಬೇಸ್ ಎಂದು ಕರೆಯುವ ದತ್ತಸಂಚಯಗಳನ್ನು, ಎಂದರೆ ಕೋಷ್ಟಕಗಳ ರೂಪದಲ್ಲಿ ಜೋಡಿಸಿದ ದಾಖಲೆಗಳನ್ನು, ಇಡುವುದೂ ಹುಡುಕಿ ಕೊಡುವುದೂ ಈ ಲೈಬ್ರರಿಯ ಕೆಲಸ.

2000ನೆಯ ಇಸವಿಯಲ್ಲಿ ಅಮೆರಿಕದ ರಿಚರ್ಡ್ ಹಿಪ್ ಎಂಬವರು ಆ ದೇಶದ ನೌಕಾಪಡೆಯ ಯುದ್ಧನೌಕೆಯೊಂದಕ್ಕೆ ಬೇಕಾದ ತಂತ್ರಾಂಶದಲ್ಲಿ ತೊಡಗಿದ್ದರು. ಹಡಗಿಗೆ ಪೆಟ್ಟು ಬಿದ್ದು ಕೊಳವೆಗಳು ಒಡೆದಾಗ ಯಾವ ಕವಾಟಗಳನ್ನು ಮುಚ್ಚಬೇಕು, ಯಾವುವನ್ನು ತೆರೆಯಬೇಕು ಎಂದು ಸೂಚಿಸುವುದು ಆ ತಂತ್ರಾಂಶದ ಕೆಲಸ. ಅದಕ್ಕೆ ಬೇಕಾದ ವಿವರಗಳು ದತ್ತಸಂಚಯದಲ್ಲಿದ್ದವು. ಆ ಸಂಚಯವನ್ನು ಸರ್ವರ್ ಎಂಬ ಪ್ರತ್ಯೇಕ ಪ್ರೋಗ್ರಾಂ ಕಾಯುತ್ತಿತ್ತು. ಸರ್ವರ್ ನಿಂತಿತೆಂದರೆ ಹಿಪ್ಪರ ತಂತ್ರಾಂಶವೂ ನಿಲ್ಲುತ್ತಿತ್ತು. ಆಪತ್ತಿನ ಕಾಲಕ್ಕೆಂದೇ ಕಟ್ಟಿದ ವ್ಯವಸ್ಥೆ ಆಪತ್ತಿನಲ್ಲಿ ಬೇರೊಬ್ಬರ ಬಾಗಿಲನ್ನು ತಟ್ಟುತ್ತ ನಿಂತರೆ ಪ್ರಯೋಜನವೇನು? ಕಡತವನ್ನು ನೇರವಾಗಿ ತಾನೇ ಓದಿ ಬರೆಯುವ, ಸರ್ವರನ್ನು ಬೇಡದ ಲೈಬ್ರರಿಯೊಂದನ್ನು ಏಕೆ ರಚಿಸಬಾರದೆಂದು ಅವರು ಯೋಚಿಸಿದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಮೊದಲ ಆವೃತ್ತಿ ಹೊರಬಂದಿತು.

ಹಡಗಿಗೆ ಒದಗಿದ ಈ ಗುಣ ಮೊಬೈಲ್ ಫೋನಿಗೂ ತಕ್ಕುದಾಗಿತ್ತು. ಫೋನಿನಲ್ಲಿ ಸ್ಮೃತಿ ಕಡಿಮೆ, ವಿದ್ಯುತ್ತು ಕಡಿಮೆ, ನೋಡಿಕೊಳ್ಳುವ ತಂತ್ರಜ್ಞನೂ ಇಲ್ಲ. ಕಂಪೈಲ್ ಮಾಡಿದ ಬಳಿಕ ಒಂದು ಮೆಗಾಬೈಟಿನೊಳಗೆ ಅಡಗುವ ಈ ಲೈಬ್ರರಿ ಸಿಂಬಿಯನ್ ವ್ಯವಸ್ಥೆಯ ಫೋನುಗಳನ್ನು ಸೇರಿತು. 2007ರಲ್ಲಿ ಬಂದ ಐಫೋನನ್ನೂ 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನನ್ನೂ ಸೇರಿತು. ಇದರ ಮೂಲಪಾಠಕ್ಕೆ ಯಾರ ಒಡೆತನವೂ ಇಲ್ಲ. ಕರ್ತೃಗಳು ತಮ್ಮ ಹಕ್ಕನ್ನು ಬಿಟ್ಟುಕೊಟ್ಟು ಇದನ್ನು ಲೋಕದ ಸ್ವತ್ತಾಗಿ ಮಾಡಿದ್ದಾರೆ.

ಭೇದಗಳಿಗೊಂದು ಗಡಿ

ಇಷ್ಟೊಂದು ಬಗೆಯ ಯಂತ್ರಗಳಲ್ಲಿ ಒಂದೇ ಲೈಬ್ರರಿ ಹೇಗೆ ನಡೆಯುತ್ತದೆ? ಇದಕ್ಕೆ ಮೊದಲ ಉತ್ತರ ಭಾಷೆಯ ಆಯ್ಕೆ. ಎಸ್‌ಕ್ಯೂಎಲೈಟನ್ನು ಸಿ ಭಾಷೆಯಲ್ಲಿ ಬರೆಯಲಾಗಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು 1972ರ ಸುಮಾರಿಗೆ ರೂಪಿಸಿದ ಈ ಭಾಷೆಯನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರುಗಳು ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಯಂತ್ರಗಳಿಗೂ ಉಂಟು. ಆಂಡ್ರಾಯ್ಡಿನ ಜಾವಾ ಮತ್ತು ಕಾಟ್ಲಿನ್, ಐಫೋನಿನ ಸ್ವಿಫ್ಟ್ ಮೊದಲಾದ ಭಾಷೆಗಳಿಂದಲೂ ಸಿ ಭಾಷೆಯ ಲೈಬ್ರರಿಯನ್ನು ಕರೆಯಬಹುದು. ಹೀಗೆ ಆಜ್ಞಾಭಾಷೆಯ ಭೇದವನ್ನು ಕಂಪೈಲರಿಗೆ ಒಪ್ಪಿಸಿದಂತಾಯಿತು.

ಕಾರ್ಯಾಚರಣ ವ್ಯವಸ್ಥೆಯ ಭೇದವನ್ನು ಕಂಪೈಲರು ಹೋಗಲಾಡಿಸಲಾರದು. ಅದಕ್ಕಾಗಿ ಹಿಪ್ ಮತ್ತು ಅವರ ಸಂಗಡಿಗರು ಲೈಬ್ರರಿಯನ್ನು ಎರಡು ಭಾಗಗಳಾಗಿ ಒಡೆದಿದ್ದಾರೆ. ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವುದು, ಹುಡುಕುವ ದಾರಿಯನ್ನು ನಿರ್ಧರಿಸುವುದು, ದಾಖಲೆಗಳನ್ನು ವೃಕ್ಷಾಕಾರವಾಗಿ ಜೋಡಿಸುವುದು ಇವೆಲ್ಲವೂ ಮೇಲಿನ ದೊಡ್ಡ ಭಾಗ. ಅದಕ್ಕೆ ತಾನು ಯಾವ ಯಂತ್ರದಲ್ಲಿದ್ದೇನೆಂಬ ಅರಿವೇ ಬೇಕಾಗಿಲ್ಲ. ಕಡತವನ್ನು ತೆರೆ, ಇಷ್ಟು ಬೈಟುಗಳನ್ನು ಓದು, ಇಷ್ಟನ್ನು ಬರೆ, ಬರೆದುದನ್ನು ಭದ್ರಪಡಿಸು, ಬೀಗ ಹಾಕು, ಬೀಗ ತೆಗೆ, ಈಗಿನ ಸಮಯವನ್ನು ಹೇಳು ಎಂಬ ಕೆಲವೇ ಬೇಡಿಕೆಗಳನ್ನು ಅದು ಕೆಳಗಿನ ತೆಳುವಾದ ಪದರಕ್ಕೆ ಸಲ್ಲಿಸುತ್ತದೆ. ಯುನಿಕ್ಸ್ ವಂಶದ ವ್ಯವಸ್ಥೆಗಳಿಗೆ ಒಂದು ಪದರ, ವಿಂಡೋಸಿಗೆ ಇನ್ನೊಂದು. ಆಂಡ್ರಾಯ್ಡೂ ಐಫೋನೂ ಯುನಿಕ್ಸಿನ ಸಂಪ್ರದಾಯಕ್ಕೆ ಸೇರಿದವಾದುದರಿಂದ ಅವೆರಡಕ್ಕೂ ಮೊದಲನೆಯದೇ ಸಲ್ಲುತ್ತದೆ. ನಾಳೆ ಹೊಸದೊಂದು ವ್ಯವಸ್ಥೆ ಹುಟ್ಟಿದರೆ ಈ ಪದರವೊಂದನ್ನು ಬರೆದರೆ ಸಾಕು, ಮೇಲಿನದನ್ನು ಮುಟ್ಟಬೇಕಾಗಿಲ್ಲ.

ಈ ಲೇಖನದ ಮುಖ್ಯ ಮಾತು ಇದೇ. ಯಂತ್ರಗಳ ಭೇದಗಳನ್ನು ಅಳಿಸಿಬಿಡಲು ನಮ್ಮಿಂದಾಗದು. ಅವುಗಳನ್ನು ಒಂದು ಸಣ್ಣ ಆವರಣದೊಳಗೆ ಕೂಡಿಹಾಕಿ, ಉಳಿದ ಕಟ್ಟಡಕ್ಕೆ ಹರಡದಂತೆ ತಡೆಯುವುದು ಸಾಧ್ಯ. ಇದು ಆಗದಿದ್ದಲ್ಲಿ ‘ಈ ಯಂತ್ರವಾದರೆ ಹೀಗೆ, ಆ ಯಂತ್ರವಾದರೆ ಹಾಗೆ’ ಎಂಬ ಷರತ್ತುಗಳು ಪುಟಪುಟದಲ್ಲಿಯೂ ಹುಟ್ಟಿಕೊಂಡು, ಕೊನೆಗೆ ಬರೆದವನಿಗೇ ತನ್ನ ಬರಹ ತಿಳಿಯದಂತಾಗುತ್ತದೆ.

ಅಂಕಗಳ ಗತಿ

ಆಜ್ಞೆಗಳ ವಿಷಯ ಆಯಿತು. ಇನ್ನು ಆ ಆಜ್ಞೆಗಳು ಬರೆದಿಡುವ ಕಡತದ ವಿಷಯ.

ನಮ್ಮ ಪೂರ್ವಿಕರು ಶಾಸನಗಳಲ್ಲಿಯೂ ಜ್ಯೋತಿಷಗ್ರಂಥಗಳಲ್ಲಿಯೂ ಸಂಖ್ಯೆಗಳನ್ನು ಪದಗಳಿಂದ ಸೂಚಿಸುತ್ತಿದ್ದುದನ್ನು ವಿದ್ಯಾರ್ಥಿಗಳು ಕೇಳಿರಬಹುದು. ನೇತ್ರವೆಂದರೆ 2, ವೇದವೆಂದರೆ 4, ಚಂದ್ರನೆಂದರೆ 1. ‘ನೇತ್ರ ವೇದ ಚಂದ್ರ’ ಎಂದು ಬರೆದಿದ್ದರೆ ಅದು 241 ಅಲ್ಲ, 142. ಅಲ್ಲಿ ಬಿಡಿಯ ಸ್ಥಾನ ಮೊದಲು ಬರುತ್ತದೆ. ಅಂಕಗಳು ಎಡಕ್ಕೆ ನಡೆಯುತ್ತವೆ ಎಂಬುದು ಆ ಪದ್ಧತಿಯ ನಿಯಮ. ನಿಯಮವನ್ನು ಅರಿಯದವನು ಶಾಸನದ ಕಾಲವನ್ನು ತಪ್ಪಾಗಿ ಹೇಳಿಬಿಡುತ್ತಾನೆ.

ಗಣಕಯಂತ್ರಗಳಲ್ಲಿಯೂ ಹೀಗೆಯೇ ಎರಡು ಸಂಪ್ರದಾಯಗಳಿವೆ. ಒಂದು ಬೈಟು 0ಯಿಂದ 255ರ ವರೆಗಿನ ಸಂಖ್ಯೆಯನ್ನು ಹಿಡಿಯಬಲ್ಲುದು. 1000 ಎಂಬ ಸಂಖ್ಯೆಗೆ ಎರಡು ಬೈಟುಗಳು ಬೇಕು. ಏಕೆಂದರೆ 1000 ಎಂದರೆ 256ರ ಮೂರು ಪಟ್ಟು ಮತ್ತು 232. ದೊಡ್ಡ ಸ್ಥಾನ ಮೊದಲು ಎನ್ನುವ ಯಂತ್ರ ಇದನ್ನು 3, 232 ಎಂದು ಇಡುತ್ತದೆ. ಚಿಕ್ಕ ಸ್ಥಾನ ಮೊದಲು ಎನ್ನುವ ಯಂತ್ರ 232, 3 ಎಂದು ಇಡುತ್ತದೆ. ಎರಡನೆಯ ಯಂತ್ರ ಬರೆದುದನ್ನು ಮೊದಲನೆಯದು ಹಾಗೆಯೇ ಓದಿದರೆ 232ನ್ನು 256ರಿಂದ ಗುಣಿಸಿ 3ನ್ನು ಕೂಡಿ 59,395 ಎನ್ನುತ್ತದೆ. ಸಾವಿರ ರೂಪಾಯಿಯ ಸಾಲ ಅರುವತ್ತು ಸಾವಿರದ ಹತ್ತಿರ ಬಂದು ನಿಂತಿತು! ಯಂತ್ರಕ್ಕೆ ಇದರಲ್ಲಿ ಯಾವ ಸಂದೇಹವೂ ಬರುವುದಿಲ್ಲ.

ಎಸ್‌ಕ್ಯೂಎಲೈಟಿನ ಕಡತದಲ್ಲಿ ಬಹುಬೈಟುಗಳ ಸಂಖ್ಯೆಗಳಿಗೆ ದೊಡ್ಡ ಸ್ಥಾನ ಮೊದಲು ಎಂಬ ನಿಯಮವನ್ನು ಸ್ಥಿರಪಡಿಸಿದ್ದಾರೆ. ಇಂದಿನ ಫೋನುಗಳೂ ಇಂಟೆಲ್ ಯಂತ್ರಗಳೂ ಸಾಮಾನ್ಯವಾಗಿ ಚಿಕ್ಕ ಸ್ಥಾನ ಮೊದಲು ಎನ್ನುವ ಪಂಥದವು. ಆದುದರಿಂದ ಬಹುಪಾಲು ಯಂತ್ರಗಳು ಪ್ರತಿ ಸಲವೂ ಬೈಟುಗಳನ್ನು ತಿರುಗಿಸಿ ಬರೆಯಬೇಕು, ತಿರುಗಿಸಿ ಓದಬೇಕು. ಅದರಿಂದ ಅಲ್ಪಸ್ವಲ್ಪ ಹೆಚ್ಚಿನ ಶ್ರಮವೇನೋ ಉಂಟು. ಆದರೆ ಎರಡರಲ್ಲಿ ಯಾವ ಸಂಪ್ರದಾಯವನ್ನು ಆರಿಸಿದರು ಎಂಬುದಕ್ಕಿಂತ ಒಂದನ್ನು ಆರಿಸಿ, ಬರೆದು ಪ್ರಕಟಿಸಿ, ಎಂದಿಗೂ ಬದಲಿಸದೆ ಇಟ್ಟರು ಎಂಬುದು ಮುಖ್ಯ. ಭೌತಶಾಸ್ತ್ರದಲ್ಲಿ ಮೂಲಮಾನಗಳನ್ನು ಒಪ್ಪಿಕೊಂಡಂತೆ ಇದೂ ಒಂದು ಒಪ್ಪಂದ. 2004ರಲ್ಲಿ ಬಂದ ಮೂರನೆಯ ಆವೃತ್ತಿಯ ಕಡತರೂಪವನ್ನು ಇಂದಿನ ಲೈಬ್ರರಿಯೂ ಓದುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ದತ್ತಾಂಶಗಳನ್ನು ದೀರ್ಘಕಾಲ ಕಾಪಾಡುವುದಕ್ಕೆ ಶಿಫಾರಸು ಮಾಡುವ ರೂಪಗಳ ಪಟ್ಟಿಯಲ್ಲಿ 2018ರ ವೇಳೆಗೆ ಇದೂ ಸೇರಿದ್ದಿತು.

ಬರೆಯುತ್ತಿರುವಾಗ ಬ್ಯಾಟರಿ ಮುಗಿದರೆ

ಮೊಬೈಲ್ ಫೋನಿಗೆ ವಿಶೇಷವಾದ ಒಂದು ಕಷ್ಟವಿದೆ. ಅದರ ಬ್ಯಾಟರಿ ಯಾವ ಕ್ಷಣದಲ್ಲಿ ಬೇಕಾದರೂ ಬರಿದಾಗಬಹುದು. ಒಂದು ಲೆಕ್ಕದಿಂದ 500 ರೂಪಾಯಿಗಳನ್ನು ಕಳೆದು ಇನ್ನೊಂದಕ್ಕೆ ಕೂಡಿಸಬೇಕಾಗಿದೆ ಎನ್ನೋಣ. ಕಳೆದುದಾಯಿತು, ಕೂಡಿಸುವ ಮುನ್ನ ಫೋನು ಆರಿಹೋಯಿತು. ಆ 500 ರೂಪಾಯಿಗಳು ಎಲ್ಲಿ ಹೋದವು?

ಇದಕ್ಕೆ ಉಪಾಯ ಹೀಗಿದೆ. ಕಡತದ ಯಾವ ಪುಟಗಳನ್ನು ತಿದ್ದಬೇಕೋ ಅವುಗಳ ಹಳೆಯ ಪ್ರತಿಯನ್ನು ಮೊದಲು ಬೇರೊಂದು ಕಡತದಲ್ಲಿ ನಕಲು ಮಾಡಿ ಭದ್ರಪಡಿಸಬೇಕು. ಬಳಿಕ ಮೂಲಕಡತವನ್ನು ತಿದ್ದಿ ಅದನ್ನೂ ಭದ್ರಪಡಿಸಬೇಕು. ಕಟ್ಟಕಡೆಯಲ್ಲಿ ನಕಲನ್ನು ಅಳಿಸಬೇಕು. ನಕಲು ಅಳಿದ ಆ ಕ್ಷಣವೇ ವ್ಯವಹಾರ ಮುಗಿದ ಕ್ಷಣ. ನಡುವೆ ವಿದ್ಯುತ್ತು ಹೋದರೆ, ಮತ್ತೆ ಕಡತವನ್ನು ತೆರೆದಾಗ ನಕಲು ಉಳಿದಿರುವುದನ್ನು ಲೈಬ್ರರಿ ಕಾಣುತ್ತದೆ. ಕೆಲಸ ಅರ್ಧಕ್ಕೆ ನಿಂತಿತೆಂದು ತಿಳಿದು ಹಳೆಯ ಪುಟಗಳನ್ನು ಸ್ವಸ್ಥಾನದಲ್ಲಿ ಇಡುತ್ತದೆ. ಆದುದರಿಂದ ವ್ಯವಹಾರ ಪೂರ್ತಿ ನಡೆದಿರುತ್ತದೆ, ಇಲ್ಲವೆ ನಡೆದೇ ಇರುವುದಿಲ್ಲ. 2010ರಲ್ಲಿ ಇದರೊಡನೆ ಇನ್ನೊಂದು ಕ್ರಮವನ್ನೂ ಸೇರಿಸಿದರು. ಅಂಗಡಿಯವರು ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಬಿಡುವಾಗಿ ಖಾತೆಗೆ ಏರಿಸುತ್ತಾರಲ್ಲವೆ? ಅದರಂತೆ ಹೊಸ ಬದಲಾವಣೆಗಳನ್ನು ಮೊದಲು ಪ್ರತ್ಯೇಕ ಕಡತದಲ್ಲಿ ಸಾಲಾಗಿ ಬರೆದು, ಬಳಿಕ ಮೂಲಕ್ಕೆ ಸೇರಿಸುವುದು ಈ ಕ್ರಮ.

ಈ ಉಪಾಯವೆಲ್ಲವೂ ‘ಭದ್ರಪಡಿಸು’ ಎಂಬ ಒಂದು ಆಜ್ಞೆಯ ಮೇಲೆ ನಿಂತಿದೆ. ಯಂತ್ರಗಳು ವೇಗದ ಆಸೆಯಿಂದ, ಬರೆಯೆಂದುದನ್ನು ಕೂಡಲೇ ಶಾಶ್ವತ ಸ್ಥಳಕ್ಕೆ ಬರೆಯದೆ ಮಧ್ಯಂತರ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತವೆ. ಆ ಸ್ಮೃತಿ ವಿದ್ಯುತ್ತು ಹೋದೊಡನೆ ಬರಿದಾಗುವಂಥದು. ಆಪಲ್ ಸಂಸ್ಥೆಯ ವ್ಯವಸ್ಥೆಗಳಲ್ಲಿ ಯುನಿಕ್ಸಿನ ಸಾಮಾನ್ಯ ಆಜ್ಞೆಯು ಬರಹವನ್ನು ಸಂಗ್ರಹ ಸಾಧನದ ಬಾಗಿಲಿಗೆ ಮುಟ್ಟಿಸುತ್ತದೆ. ಸಾಧನದ ಒಳಗಿನ ಮಧ್ಯಂತರ ಸ್ಮೃತಿಯನ್ನೂ ದಾಟಿಸಬೇಕಾದರೆ ಬೇರೊಂದು ವಿಶೇಷ ಆಜ್ಞೆ ಬೇಕು. ಹೆಸರು ಒಂದೇ, ಅರ್ಥ ಬೇರೆ. ಇಂಥ ಸೂಕ್ಷ್ಮಗಳನ್ನು ಅರಿತು ನಿಭಾಯಿಸುವುದು ಮೇಲೆ ಹೇಳಿದ ತೆಳುವಾದ ಪದರದ ಕರ್ತವ್ಯ. ಪದರ ತೆಳುವಾದುದೇನೋ ನಿಜ. ಅದನ್ನು ಬರೆಯುವ ಕೆಲಸ ಮಾತ್ರ ಸುಲಭವಾದುದಲ್ಲ.

ಕನ್ನಡದ ಹೆಸರುಗಳಿಗೆ ಬಂದಾಗ

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಭೇದಗಳು ನುಸುಳುವ ಬಾಗಿಲೊಂದು ಉಳಿಯುತ್ತದೆ. ಅದು ಅಕ್ಷರಗಳದು.

ಯುನಿಕೋಡ್ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕ್ರಮಸಂಖ್ಯೆಯುಂಟು. ಬಹಳವಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ರೂಪದಲ್ಲಿ ಕನ್ನಡದ ‘ಕ’ಕಾರ 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ‘ಕ್ಷ’ ಎಂದು ನಾವು ಒಂದೇ ಅಕ್ಷರವಾಗಿ ಕಾಣುವುದು ಅಲ್ಲಿ ಕಕಾರ, ವಿರಾಮಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳು, ಒಟ್ಟು ಒಂಬತ್ತು ಬೈಟುಗಳು. ಉದ್ದವೆಷ್ಟೆಂದು ಕೇಳಿದರೆ ಎಸ್‌ಕ್ಯೂಎಲೈಟು 3 ಎನ್ನುತ್ತದೆ. ಹತ್ತು ಅಕ್ಷರಗಳ ಹೆಸರಿಗೆ ಹತ್ತು ಬೈಟುಗಳ ಜಾಗ ಸಾಕೆಂದು ಎಣಿಸಿದವನ ಲೆಕ್ಕ ಕನ್ನಡದಲ್ಲಿ ಉಳಿಯುವುದಿಲ್ಲ.

ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ಇನ್ನೂ ಸೂಕ್ಷ್ಮ. ಬೇರೇನೂ ಹೇಳದಿದ್ದರೆ ಈ ಲೈಬ್ರರಿ ಬೈಟುಗಳನ್ನೇ ಹೋಲಿಸಿ ಜೋಡಿಸುತ್ತದೆ. ಯುನಿಕೋಡಿನ ಸಂಖ್ಯಾಕ್ರಮದಲ್ಲಿ ಳಕಾರವು ಲಕಾರದ ಮಗ್ಗುಲಲ್ಲಿ, ವಕಾರಕ್ಕಿಂತ ಮೊದಲು ಕುಳಿತಿದೆ. ನಮ್ಮ ವರ್ಣಮಾಲೆಯಲ್ಲಾದರೋ ಅದು ಹಕಾರದ ಅನಂತರ ಬರುತ್ತದೆ. ಆದಕಾರಣ ಯಂತ್ರವು ‘ಕಳಸ’ವನ್ನು ‘ಕವಿ’ಗಿಂತ ಮೊದಲು ಇಡುತ್ತದೆ, ನಿಘಂಟಿನಲ್ಲಿ ಹುಡುಕುವವನಿಗೆ ‘ಕವಿ’ ಮೊದಲು ಸಿಗಬೇಕು. ಇದನ್ನು ಸರಿಪಡಿಸಲು ಬಳಸುವವರೇ ತಮ್ಮ ಜೋಡಣೆಯ ನಿಯಮವನ್ನು ಬರೆದು, ಹೆಸರಿಟ್ಟು, ಲೈಬ್ರರಿಗೆ ಒಪ್ಪಿಸುವ ಅವಕಾಶವಿದೆ.

ಆಂಡ್ರಾಯ್ಡಿನಲ್ಲಿ ಫೋನಿನ ಭಾಷೆಗೆ ಅನುಗುಣವಾಗಿ ಜೋಡಿಸುವ ‘ಲೋಕಲೈಸ್ಡ್’ ಎಂಬ ನಿಯಮವನ್ನು ಮೊದಲೇ ಸೇರಿಸಿ ಕೊಟ್ಟಿರುತ್ತಾರೆ. ಇದು ಉಪಕಾರಕವೇ. ಆದರೆ ಇದನ್ನು ನಂಬಿ ರಚಿಸಿದ ಕೋಷ್ಟಕವುಳ್ಳ ಕಡತವನ್ನು ಬೇರೊಂದು ವ್ಯವಸ್ಥೆಗೆ ಒಯ್ದು ಅದೇ ಕ್ರಮದಲ್ಲಿ ಜೋಡಿಸೆಂದರೆ, ಅಂಥ ಹೆಸರಿನ ನಿಯಮವೇ ತನಗೆ ತಿಳಿಯದೆಂದು ಅಲ್ಲಿಯ ಲೈಬ್ರರಿ ಉತ್ತರಿಸುತ್ತದೆ. ಲೈಬ್ರರಿ ಒಂದೇ, ಕಡತವೂ ಒಂದೇ. ಆದರೂ ಕೆಲಸ ನಿಂತಿತು. ಒಂದೇ ವೇದಿಕೆಯಲ್ಲಿ ಮಾತ್ರ ದೊರೆಯುವ ಸೌಕರ್ಯವನ್ನು ಎಲ್ಲಿಯೂ ಇರುವುದೆಂದು ತಿಳಿದುದೇ ಇದಕ್ಕೆ ಕಾರಣ.

ಪರೀಕ್ಷೆಯ ಪರ್ವತ

ಎಲ್ಲ ಯಂತ್ರಗಳಲ್ಲಿಯೂ ಸರಿಯಾಗಿ ನಡೆಯುತ್ತದೆಂದು ಹೇಳಿದರೆ ಸಾಲದು, ತೋರಿಸಬೇಕು. 2023ರ ಆವೃತ್ತಿಯೊಂದರ ಬಗ್ಗೆ ಎಸ್‌ಕ್ಯೂಎಲೈಟಿನ ಕರ್ತೃಗಳೇ ಕೊಟ್ಟ ಲೆಕ್ಕದಂತೆ, ಟಿಪ್ಪಣಿಗಳನ್ನು ಬಿಟ್ಟು ಲೈಬ್ರರಿಯ ಮೂಲಪಾಠ ಸುಮಾರು 1,56,000 ಸಾಲುಗಳು. ಅದನ್ನು ಪರೀಕ್ಷಿಸಲು ಬರೆದ ಪಾಠ ಸುಮಾರು 9 ಕೋಟಿ 20 ಲಕ್ಷ ಸಾಲುಗಳು, ಎಂದರೆ ಸುಮಾರು 590 ಪಟ್ಟು. ಕಂಪೈಲರಿನಿಂದ ಹೊರಬಂದ ಯಂತ್ರಪಾಠದಲ್ಲಿ ಹಾದಿ ಕವಲೊಡೆಯುವ ಪ್ರತಿಯೊಂದು ಸ್ಥಳದಲ್ಲಿಯೂ ಎರಡು ಕವಲುಗಳನ್ನೂ ನಡೆಸಿ ನೋಡುವ ಪರೀಕ್ಷೆಯನ್ನು 2009ರಿಂದ ಅನುಸರಿಸುತ್ತಿದ್ದಾರೆ. ವಿಮಾನಗಳ ತಂತ್ರಾಂಶಕ್ಕೆ ವಿಧಿಸುವ ಕಟ್ಟುನಿಟ್ಟಿನ ಪರೀಕ್ಷೆಯೇ ಇದಕ್ಕೆ ಮಾದರಿ.

ಇವುಗಳಲ್ಲಿ ಕೆಲವು ಪರೀಕ್ಷೆಗಳ ಯುಕ್ತಿ ಭೌತವಿಜ್ಞಾನದ ವಿದ್ಯಾರ್ಥಿಗೆ ಪ್ರಿಯವಾಗತಕ್ಕುದು. ಸ್ಮೃತಿಯನ್ನು ಬೇಡಿದಾಗ ಮೊದಲ ಸಲವೇ ಇಲ್ಲವೆನ್ನುವುದು. ಮತ್ತೆ ಆರಂಭಿಸಿ ಎರಡನೆಯ ಸಲ ಇಲ್ಲವೆನ್ನುವುದು. ಬಳಿಕ ಮೂರನೆಯ ಸಲ. ಹೀಗೆ ಒಂದೂ ನಿರಾಕರಣೆಯಿಲ್ಲದೆ ಕೆಲಸ ಮುಗಿಯುವ ತನಕ ಪ್ರಯೋಗವನ್ನು ಮುಂದುವರಿಸುತ್ತಾರೆ. ವಿದ್ಯುತ್ತು ಹೋದಂತೆ ನಟಿಸಲು ಕೆಳಗಿನ ಪದರದ ಜಾಗದಲ್ಲಿ ಒಂದು ಕೃತಕ ಪದರವನ್ನು ಇಡುತ್ತಾರೆ. ಅದು ಭದ್ರವಾಗದ ಬರಹಗಳನ್ನು ಬೇಕೆಂದೇ ಕಲಸುತ್ತದೆ, ಕಳೆಯುತ್ತದೆ. ಆಮೇಲೆ ಕಡತವನ್ನು ತೆರೆದು ದಾಖಲೆಗಳು ಸುಸ್ಥಿತಿಯಲ್ಲಿವೆಯೇ ಎಂದು ನೋಡುತ್ತಾರೆ. ಭೇದಗಳಿಗೆಂದು ಮಾಡಿದ ತೆಳುವಾದ ಪದರ ಹೀಗೆ ಪರೀಕ್ಷೆಗೂ ಒದಗಿಬಂದುದನ್ನು ಗಮನಿಸಬೇಕು.

ವಿದ್ಯಾರ್ಥಿಗಳಿಗೊಂದು ಅಭ್ಯಾಸ

ಸಿ ಭಾಷೆಯನ್ನು ಸ್ವಲ್ಪ ಬಲ್ಲವರು ತಾವೇ ಒಂದು ಕಿರಿಯ ಲೈಬ್ರರಿಯನ್ನು ಕಟ್ಟಿ ನೋಡಬಹುದು. ಪೂರ್ಣಾಂಕವೊಂದನ್ನು ಕೊಟ್ಟರೆ ಅದನ್ನು ಕನ್ನಡದ ಅಂಕಿಗಳಲ್ಲಿ ಬರೆದುಕೊಡುವುದು ಅದರ ಕೆಲಸವಾಗಿರಲಿ. 1956ನ್ನು ಕೊಟ್ಟರೆ ೧೯೫೬ ಎಂದು ಬರಬೇಕು.

ಮೊದಲು, ಸಂಖ್ಯೆಯ ಗಾತ್ರವನ್ನು 64 ಬಿಟ್ಟುಗಳೆಂದು ಹೆಸರಿನಿಂದಲೇ ಸ್ಪಷ್ಟಪಡಿಸಿರಿ; ‘ಲಾಂಗ್’ ಎಂಬ ಅಳತೆಯನ್ನು ನಂಬಬೇಡಿರಿ. ಎರಡನೆಯದಾಗಿ, ಉತ್ತರವನ್ನು ಯುಟಿಎಫ್-8 ರೂಪದಲ್ಲಿ ಕೊಡಿರಿ. ಕನ್ನಡದ ಸೊನ್ನೆ 224, 179, 166 ಎಂಬ ಬೈಟುಗಳು. ಒಂದರಿಂದ ಒಂಬತ್ತರ ವರೆಗಿನ ಅಂಕಿಗಳಿಗೆ ಕೊನೆಯ ಬೈಟು ಒಂದೊಂದೇ ಹೆಚ್ಚುತ್ತ 175ಕ್ಕೆ ಮುಟ್ಟುತ್ತದೆ. ೧೯೫೬ಕ್ಕೆ 12 ಬೈಟುಗಳು ಬೇಕಾಗುತ್ತವೆ. ಮೂರನೆಯದಾಗಿ, ಬರೆಯುವ ಜಾಗವನ್ನೂ ಅದರ ಉದ್ದವನ್ನೂ ಕರೆಯುವವರೇ ಕೊಡಲಿ. ಜಾಗ ಸಾಲದಿದ್ದರೆ ಎಲ್ಲೆ ಮೀರಿ ಬರೆಯದೆ, ಎಷ್ಟು ಬೇಕೆಂಬುದನ್ನು ತಿಳಿಸಿರಿ. ನಾಲ್ಕನೆಯದಾಗಿ, ಪರದೆಯ ಮೇಲೆ ಮುದ್ರಿಸುವುದು, ಕಡತಕ್ಕೆ ಬರೆಯುವುದು ಮೊದಲಾದ ಯಂತ್ರಾಧೀನ ಕೆಲಸಗಳನ್ನು ಈ ಭಾಗಕ್ಕೆ ತರಬೇಡಿರಿ. ಆಂಡ್ರಾಯ್ಡಿನಲ್ಲಿ ಜೆಎನ್‌ಐ ಎಂಬ ಸೇತುವೆಯ ಮೂಲಕವೂ ಐಫೋನಿನಲ್ಲಿ ಸ್ವಿಫ್ಟಿನಿಂದ ನೇರವಾಗಿಯೂ ಇದನ್ನು ಕರೆಯಬಹುದು. ಆ ಸೇತುವೆಗಳು ಬೇರೆ ಬೇರೆಯಾಗಿರಲಿ, ತಿರುಳು ಒಂದೇ ಇರಲಿ.

ಕೊನೆಯದು ಪರೀಕ್ಷೆ. 0, 9, 10, −1 ಇವುಗಳನ್ನು ಕೊಟ್ಟು ನೋಡಿರಿ. ಆಮೇಲೆ 64 ಬಿಟ್ಟುಗಳ ಅತಿ ದೊಡ್ಡ ಸಂಖ್ಯೆಯಾದ 9223372036854775807ನ್ನು ಕೊಡಿರಿ. 19 ಅಂಕಿಗಳು, 57 ಬೈಟುಗಳು ಬರಬೇಕು. ಬಳಿಕ ಅತಿ ಚಿಕ್ಕದಾದ −9223372036854775808ನ್ನು ಕೊಡಿರಿ. ಋಣಚಿಹ್ನೆಯನ್ನು ಬರೆದು, ಸಂಖ್ಯೆಯನ್ನು ಧನವಾಗಿ ತಿರುಗಿಸಿಕೊಂಡು ಮುಂದುವರಿಯುವ ಹಂಚಿಕೆ ಇಲ್ಲಿ ಮುರಿದುಬೀಳುತ್ತದೆ. ಏಕೆಂದರೆ ಅದರ ಧನರೂಪವು ಅದೇ ಪಾತ್ರೆಯಲ್ಲಿ ಹಿಡಿಸುವುದಿಲ್ಲ. ಒಂದು ಯಂತ್ರದಲ್ಲಿ ದೈವವಶಾತ್ ಸರಿಯಾದ ಉತ್ತರ ಬರಬಹುದು, ಇನ್ನೊಂದರಲ್ಲಿ ಅಸಂಬದ್ಧವಾದುದು ಬರಬಹುದು. ಇದನ್ನು ಪರಿಹರಿಸುವ ಬಗೆಯನ್ನು ಓದುಗರೇ ಯೋಚಿಸಿ ಕಂಡುಕೊಳ್ಳಲಿ. ಸಿದ್ಧವಾದ ಪ್ರಶ್ನೋತ್ತರಗಳ ಪಟ್ಟಿಯನ್ನು ಬದಲಿಸದೆ ಸಿಕ್ಕಿದ ಪ್ರತಿಯೊಂದು ಯಂತ್ರದಲ್ಲಿಯೂ ನಡೆಸಿರಿ. ಎಲ್ಲ ಕಡೆಯೂ ಉತ್ತರಗಳು ಒಂದೇ ಆದ ದಿನ ನಿಮ್ಮ ಲೈಬ್ರರಿ ಬಹುಯಂತ್ರಸಮರ್ಥವಾಯಿತೆಂದು ತಕ್ಕಮಟ್ಟಿಗೆ ಹೇಳಬಹುದು.

ಎಸ್‌ಕ್ಯೂಎಲೈಟನ್ನು 2050ನೆಯ ಇಸವಿಯ ವರೆಗೂ ನೋಡಿಕೊಂಡು ಬರುವ ಸಂಕಲ್ಪವನ್ನು ಅದರ ಕರ್ತೃಗಳು ಪ್ರಕಟಿಸಿದ್ದಾರೆ. ಅಷ್ಟರೊಳಗೆ ಇಂದಿನ ಫೋನುಗಳೆಲ್ಲ ಹಳೆಯ ಸಾಮಾನುಗಳ ರಾಶಿಯನ್ನು ಸೇರಿರುತ್ತವೆ. ಆಗಿನ ಯಂತ್ರಗಳ ಸ್ವರೂಪವನ್ನು ಈಗ ಊಹಿಸಲಾಗದು. ಆದರೆ ಅವುಗಳಲ್ಲಿಟ್ಟ ಹೆಸರುಗಳೂ ಲೆಕ್ಕಗಳೂ ಚಿತ್ರಗಳೂ ಜನರಿಗೆ ಆಗಲೂ ಬೇಕಾಗಿರುತ್ತವೆ. ಆದುದರಿಂದ ಲೈಬ್ರರಿಯನ್ನು ಬರೆಯುವವನು ತನ್ನ ಮುಂದಿರುವ ಯಂತ್ರವನ್ನು ಮಾತ್ರ ನೋಡಿ ಬರೆಯಬಾರದು. ಮುಂದಿನವರು ಓದಬೇಕಾದ ದಾಖಲೆಗಳ ಭಾರ ಅವನ ಮೇಲಿದೆ.